ಒಂದು ಕೂ ಎಷ್ಟು ದೂರ

ನಾಲ್ಕು ಗಂಟೆಗೆ ಚಾಕ್ಕೆ ನೀರಿಟ್ಟರೆ ಅದು ಕುದಿಯುವುದರೊಳಗೆ ನಾನು ಅಂಗಳದ ಮೂಲೆಗೆ ಹೋಗಿ ನಿಂತಿರುತ್ತೇನೆ. ಬಲಗೈ ತಾನಾಗಿ ಬಾಯಿಯ ಹತ್ತಿರ ಬರುತ್ತದೆ. ಅಷ್ಟರಲ್ಲಿ ನೆನಪಾಗುತ್ತದೆ. ಎತ್ತಿದ ಕೈಯನ್ನು ಸುಮ್ಮನೆ ಇಳಿಸಿದರೆ ನೋಡಿದವರಿಗೆ ವಿಚಿತ್ರ ಕಾಣಬಹುದೆಂದು ಅಲ್ಲಿರುವ ದಾಸವಾಳದ ಗಿಡದಿಂದ ಒಣಗಿದ ಎಲೆ ಕೀಳುತ್ತೇನೆ. ಆ ಗಿಡದಲ್ಲಿ ಈಗ ಒಣಗಿದ ಎಲೆಯೇ ಇಲ್ಲ, ಹಸಿರು ಎಲೆಗೆ ಕೈ ಹಾಕುವ ಹಂತಕ್ಕೆ ಬಂದಿದ್ದೇನೆ. ಒಳಗೆ ಹೋಗುವಾಗ ಪಾತ್ರೆಯ ನೀರು ಅರ್ಧಕ್ಕೆ ಇಳಿದಿರುತ್ತದೆ. ಒಬ್ಬಳಿಗೆ ಅಷ್ಟೇ ಸಾಕು.

ಇವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಇವರು ಎಂದರೆ ನನ್ನ ಗಂಡ. ಹೆಸರು ಬರೆಯಬಹುದಿತ್ತು. ಬ್ಯಾಂಕಿನಲ್ಲಿ, ರೇಶನ್ ಕಾರ್ಡಿಗೆ, ಎಷ್ಟೋ ಸಲ ಬರೆದಿದ್ದೇನೆ. ಬಾಯಿಬಿಟ್ಟು ಹೇಳಿದ್ದು ಮಾತ್ರ ಇಲ್ಲ. ಹಳೆಯ ಕಾಲದ ಅಭ್ಯಾಸ, ನಗುವವರು ನಗಬಹುದು. ನನ್ನ ಮಗಳೂ ನಗುತ್ತಾಳೆ, ಅವಳು ಉಪ್ಪಳದಲ್ಲಿ ತನ್ನ ಗಂಡನನ್ನು ಹೆಸರು ಹಿಡಿದು ಕರೆಯುವಾಗ ಬೀದಿಯ ಕೊನೆಯ ಅಂಗಡಿಯವನೂ ತಿರುಗಿ ನೋಡುತ್ತಾನಂತೆ.

ನಮ್ಮ ಮನೆ ಬದಿಯಡ್ಕದಿಂದ ಕಾರಡ್ಕದ ಕಡೆಗೆ ಹೋಗುವ ಮಾರ್ಗದಿಂದ ಸ್ವಲ್ಪ ಒಳಗೆ, ಒಂದು ಗುಡ್ಡೆಯ ಇಳಿಜಾರಿನಲ್ಲಿ ಉಂಟು. ಎದುರಿಗೆ ಇನ್ನೊಂದು ಗುಡ್ಡೆ. ನಡುವೆ ನೀರಿನ ತೋಡು, ತೋಡು ದಾಟಲು ಒಂದು ಕಾಲುಸಂಕ. ಎದುರು ಗುಡ್ಡೆಯ ಮೇಲೆ ಬಸ್ಸಿನ ಮಾರ್ಗ, ಸ್ಟಾಪು, ಒಂದು ಗೂಡಂಗಡಿ. ಸ್ಟಾಪಿನಿಂದ ಬದಿಯಡ್ಕದ ಕಡೆಗೆ ಸ್ವಲ್ಪ ನಡೆದರೆ ಕಲ್ಲುಕೋರೆಯ ದೊಡ್ಡ ತಿರುವು. ಇವರು ಆ ಮಾರ್ಗದಲ್ಲಿ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದರು. ನಾಲ್ಕು ಗಂಟೆಯ ಟ್ರಿಪ್ಪಿನಲ್ಲಿ ಬ್ಯಾಗನ್ನು ಇನ್ನೊಬ್ಬ ಕಂಡಕ್ಟರನ ಕೈಗೆ ಕೊಟ್ಟು ನಮ್ಮ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಇಳಿದರೆ ಆಯಿತೇ, ಗೂಡಂಗಡಿಯ ಬೆಂಚು ಬಿಟ್ಟು ಮನೆಗೆ ಬರಬೇಕಲ್ಲ. ಅದಕ್ಕೆ ನಾನು ಕೂ ಹಾಕಬೇಕು.

ಕೂ ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆಯಿಂದ ಉಸಿರು ತಂದು, ಒಂದು ಗುಡ್ಡೆಯಿಂದ ಇನ್ನೊಂದು ಗುಡ್ಡೆಗೆ ಮುಟ್ಟುವ ಹಾಗೆ 'ಕೂ' ಎಂದು ಕರೆಯುವುದು. ಅದರಲ್ಲಿ ಹೆಸರಿಲ್ಲ, ಮಾತಿಲ್ಲ. ಕೇಳಿದವರು ಅಲ್ಲಿಂದಲೇ ತಿರುಗಿ ಕೂ ಹಾಕಬೇಕು. ಹಾಕುವವರೆಗೆ ಕರೆದವರು ನಿಲ್ಲಿಸುವಂತಿಲ್ಲ. ಓಗೊಡದ ಕೂ ಗಾಳಿಯಲ್ಲೇ ತಿರುಗುತ್ತಿರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಪೆರ್ಲದ ಹತ್ತಿರ ನನ್ನ ತವರುಮನೆ. ಶಾಲೆಗೆ ಹೋಗುವಾಗ ಮುರಕಲ್ಲಿನ ಪಾರೆ, ಬೋಳು ಕಲ್ಲಿನ ಬಯಲು, ದಾಟಬೇಕು, ಆ ಪಾರೆಯ ಮೇಲೆ ನಿಂತು ಕೂ ಹಾಕಿದರೆ ಎದುರಿನ ಬಂಡೆ ವಾಪಸು ಕೊಡುತ್ತಿತ್ತು. ಬಂಡೆಯ ಕೂ ನಮ್ಮದಕ್ಕಿಂತ ಚೆಂದ ಎಂದು ನಾನೂ ನನ್ನ ಗೆಳತಿಯರೂ ಹೊಟ್ಟೆಕಿಚ್ಚು ಪಡುತ್ತಿದ್ದೆವು. ಮುಸ್ಸಂಜೆ ಹೊತ್ತಿನಲ್ಲಿ ಒಂದೇ ಕೂ ಕೇಳಿದರೆ ಓಗೊಡಬಾರದು, ಎರಡನೆಯದಕ್ಕೆ ಕಾಯಬೇಕು, ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ ಎಂಬುದು ಅಜ್ಜಿಯ ಇನ್ನೊಂದು ಕಾನೂನು. ಮನುಷ್ಯರಲ್ಲದಿದ್ದರೆ ಯಾರು ಎಂದು ಕೇಳುವ ಧೈರ್ಯ ನಮಗೆ ಇರಲಿಲ್ಲ.

ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಒಂದು ದಿನ ಅತ್ತೆ, "ಅವನನ್ನು ಕರಿ, ಊಟಕ್ಕಾಯ್ತು" ಅಂದರು. ಇವರು ಎದುರು ಗುಡ್ಡೆಯಲ್ಲಿ. ಹೇಗೆ ಕರೆಯುವುದು ಎಂದು ನಾನು ಸೆರಗು ಹಿಂಡುತ್ತಾ ನಿಂತೆ.

"ಕೂ ಹಾಕು ಮಾರಾಯ್ತಿ. ನಿಮ್ಮ ಪೆರ್ಲದಲ್ಲಿ ಎಂತ, ಕೂ ಇಲ್ಲವಾ?"

ಹಾಕಿದೆ. ಈ ಊರಿನ ಕೂ ಉದ್ದವಾಗಿ, ಒಂದೇ ಮಟ್ಟದಲ್ಲಿ ಹೋಗುವಂಥದ್ದು. ನಮ್ಮ ಪೆರ್ಲದ ಕಡೆಯದು ಗಿಡ್ಡ, ಕೊನೆಯಲ್ಲಿ ಮೇಲೆ ಏರಿ ನಿಲ್ಲುತ್ತದೆ. ನನಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗೂಡಂಗಡಿಯಲ್ಲಿ ಕೂತವರೆಲ್ಲ ನಕ್ಕರಂತೆ. "ನಿನ್ನ ಹೆಂಡತಿ ಕೋಳಿ ಅಟ್ಟುತ್ತಿದ್ದಾಳೆ, ಹೋಗಿ ಸಹಾಯ ಮಾಡು" ಅಂದರಂತೆ. ಇವರು ಮನೆಗೆ ಬಂದು ಅಕ್ಕಿಗಂಜಿ ಉಣ್ಣುತ್ತಾ ಅದನ್ನು ನನಗೆ ಹೇಳಿ, ನನ್ನ ಮುಖ ನೋಡಿ, "ಆದರೆ ನೀನು ಅದನ್ನು ಬದಲಿಸ್ಬೇಡ. ಯಾರ ಮನೆಯದ್ದು ಅಂತ ನನಗೆ ಸಂಶಯ ಇರುವುದಿಲ್ಲ" ಅಂದರು. ನಾನು ಬದಲಿಸಲಿಲ್ಲ.

ನಂತರ ಮೊಬೈಲ್ ಬಂತು. ನಮ್ಮ ತಗ್ಗಿನಲ್ಲಿ ರೇಂಜ್ ಇಲ್ಲ. ರೇಂಜ್ ಸಿಗಬೇಕಾದರೆ ಮೇಲಿನ ಗೇರುಮರದ ಬುಡಕ್ಕೆ ಹತ್ತಬೇಕು, ಅಲ್ಲಿಗೆ ಹತ್ತಿದರೆ ಬರಿಗಣ್ಣಿಗೇ ಗೂಡಂಗಡಿ ಕಾಣುತ್ತದೆ. ಹಾಗಾಗಿ ಮೊಬೈಲು ತಾರೀಕು ನೋಡುವುದಕ್ಕೆ, ಕೂ ಕರೆಯುವುದಕ್ಕೆ, ಹೀಗೆ ನಮ್ಮ ಸಂಸಾರ ನಡೆಯಿತು.

ಕಲ್ಲುಕೋರೆಯ ತಿರುವಿನಲ್ಲಿ ಡ್ರೈವರ್ ಯಾವಾಗಲೂ ಹಾರ್ನ್ ಹೊಡೆಯುತ್ತಾನೆ. ಆ ಹಾರ್ನ್ ಕೇಳಿದ ಕೂಡಲೇ ನಾನು ಚಾಕ್ಕೆ ನೀರಿಟ್ಟು, ಹೊರಗೆ ಬಂದು, ಸುಮ್ಮನೆ ಒಂದು ಕೂ ಹಾಕಿಬಿಡುತ್ತಿದ್ದೆ. ಅವರು ಇಳಿಯುವ ಮೊದಲೇ. ಇಳಿದ ಮೇಲೆ ಮತ್ತೊಮ್ಮೆ ಹೇಗೂ ಹಾಕಲಿಕ್ಕುಂಟು, ಮೊದಲನೆಯದು ಬಾಯಿ ಬಿಸಿ ಮಾಡಿಕೊಳ್ಳುವುದಕ್ಕೆ. ಒಂದು ದಿನ ಇವರು ಬಂದು ಚಾ ಕುಡಿಯುತ್ತಾ ಹೇಳಿದರು, "ನಿನ್ನ ಮೊದಲನೆಯ ಕೂ ನನಗೆ ತಿರುವಿನಲ್ಲೇ ಕೇಳ್ತದೆ, ಗೊತ್ತುಂಟಾ?"

"ಬಸ್ಸಿನೊಳಗೆ ಕೂತವರಿಗೆ ಕೂ ಕೇಳ್ತದಾ? ಲೊಟ್ಟೆ ಹೇಳ್ಬೇಡಿ."

"ಕೂತದ್ದಲ್ಲ, ಫುಟ್‌ಬೋರ್ಡಿನಲ್ಲಿ ನಿಂತದ್ದು. ಕೇಳ್ತದೆ."

"ನನ್ನನ್ನು ಮರ್ಲು ಮಾಡ್ಲಿಕ್ಕೆ ಹೇಳುವುದು ನೀವು."

ಈ ಜಗಳ ಎಷ್ಟು ವರ್ಷ ನಡೆಯಿತೋ. ಗಂಟು ನೋವಿಗೆ ಕೆಲಸ ಬಿಟ್ಟ ಮೇಲೂ ನಡೆಯಿತು. ಅವರು ಕೇಳುತ್ತದೆ ಎನ್ನುವುದು, ನಾನು ಲೊಟ್ಟೆ ಎನ್ನುವುದು. ಹೆಂಡತಿಯನ್ನು ಖುಷಿಪಡಿಸಲು ಹೇಳುವ ಸುಳ್ಳು ಎಂದೇ ನಾನು ತಿಳಿದದ್ದು. ಅಂಥ ಸುಳ್ಳಿಗೆ ಬೇಜಾರೇನೂ ಆಗುವುದಿಲ್ಲ, ಆದರೆ ಒಪ್ಪಿಕೊಂಡರೆ ಆಮೇಲೆ ಹೇಳುವುದನ್ನೇ ನಿಲ್ಲಿಸುತ್ತಾರೋ ಎಂದು ನಾನು ಒಪ್ಪಲಿಲ್ಲ.

ಎಲ್ಲಿಂದಲೋ ಎಲ್ಲಿಗೋ ಹೋದೆ. ನಾನು ಹೇಳಲು ಹೊರಟದ್ದು ಕಂಪ್ಯೂಟರಿನ ವಿಷಯ.

ಇವರಿಗೆ ಒಂದು ಹುಚ್ಚಿತ್ತು. ಅದು ಶುರುವಾದದ್ದು ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಒಂದು ದಿನ ಬಸ್ಸಿನಲ್ಲಿ ಒಬ್ಬರು ಮುದುಕಿ, ಟಿಕೆಟ್ ತೆಗೆದುಕೊಳ್ಳುತ್ತಾ, "ನಿನ್ನ ಬಸ್ಸು ಊರೆಲ್ಲ ಸುತ್ತಿ ಹೋಗ್ತದೆ ಮಗಾ. ನಾನು ಆಗ ತಲೆಯಲ್ಲಿ ಗಡಿಗೆ ಹೊತ್ತುಕೊಂಡು ನಿನ್ನಿಂದ ಬೇಗ ಕುಂಬಳೆಗೆ ಮುಟ್ತಿದ್ದೆ" ಅಂದರಂತೆ. ಇವರಿಗೆ ತಮ್ಮ ಬಸ್ಸಿಗೆ ಅವಮಾನವಾದ ಹಾಗಾಯಿತು. ಯಾವ ದಾರಿಯಲ್ಲಿ ಎಂದು ಕೇಳಿದರು. ಆಕೆ ಹೇಳಿದ ದಾರಿ ಇವರಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಮೇಲೆ ರಜೆ ಸಿಕ್ಕಿದ ದಿನವೆಲ್ಲ ಗಲ್ಫಿನಲ್ಲಿದ್ದ ಭಾವ ಕೊಟ್ಟ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಪ್ರಾಯದ ಅಜ್ಜ ಅಜ್ಜಿಯರ ಮನೆಗಳಿಗೆ ಹೋಗುವುದೇ ಕೆಲಸ. ಬಸ್ಸು ಬರುವ ಮೊದಲು ನೀವು ಯಾವ ದಾರಿಯಲ್ಲಿ ನಡೆಯುತ್ತಿದ್ದಿರಿ, ಅದೊಂದೇ ಪ್ರಶ್ನೆ. ಹೊಸ ಕ್ಯಾಸೆಟ್ಟಿಗೆ ದುಡ್ಡು ಯಾಕೆಂದು ಮನೆಯಲ್ಲಿದ್ದ ಯಕ್ಷಗಾನದ ಕ್ಯಾಸೆಟ್ಟುಗಳ ಮೇಲೆಯೇ ರೆಕಾರ್ಡ್ ಮಾಡಿದರು. ಈಗಲೂ ಒಬ್ಬ ಅಜ್ಜ ನೆಲ್ಲಿನ ಮೂಟೆ ಹೊತ್ತು ಗುಡ್ಡೆ ಇಳಿಯುತ್ತಿರುವಾಗ ಎಲ್ಲಿಂದಲೋ ಚೆಂಡೆ ಬಡಿಯುತ್ತದೆ, ರಾಕ್ಷಸನೊಬ್ಬ ಪ್ರವೇಶ ಮಾಡುತ್ತಾನೆ, ಮತ್ತೆ ಅಜ್ಜ ತೋಡು ದಾಟುತ್ತಾರೆ.

ಇಷ್ಟೆಲ್ಲ ಕಲೆಹಾಕಿ ಎಂತ ಮಾಡುತ್ತೀರಿ ಎಂದು ನಾನು ಕೇಳಿದರೆ, "ಇರಲಿ" ಎನ್ನುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟುಗಳು ಬಿಸ್ಕೆಟ್ ಡಬ್ಬಿಯೊಳಗೆ ಅಟ್ಟ ಸೇರಿದವು.

ಅವರು ಹೋದದ್ದು ಬೇಗ ಬೇಗ. ಜ್ವರ, ಮಂಗಳೂರಿನ ಆಸ್ಪತ್ರೆ, ಆಂಬುಲೆನ್ಸು. ಆಂಬುಲೆನ್ಸು ಎದುರು ಗುಡ್ಡೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಇಳಿಸಿ, ಸಂಕ ದಾಟಿಸಿ ಹೊತ್ತು ತಂದರು. ನಾನು ಅಂಗಳದ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ನಾನು ಕರೆಯದೆ ಅವರು ಆ ಕಡೆಯಿಂದ ಬಂದದ್ದು ಅದೇ ಮೊದಲು ಎಂದು ಅನಿಸಿತು. ಆ ಹೊತ್ತಿನಲ್ಲಿ ಅನಿಸಬೇಕಾದದ್ದು ಅದಾಗಿತ್ತೋ ಏನೋ ಗೊತ್ತಿಲ್ಲ. ಅದರ ನಂತರ ನಾನು ಕೂ ಹಾಕಲಿಲ್ಲ.

ಕಳೆದ ವರ್ಷ ಸುಹರಾ ಬಂದಳು. ಬದಿಯಡ್ಕದ ಹತ್ತಿರದವಳು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು, ಈಗ ಯೂನಿವರ್ಸಿಟಿಯಲ್ಲಿ ಚರಿತ್ರೆಯ ಸಂಶೋಧನೆ ಮಾಡುತ್ತಾಳೆ. ಕ್ಯಾಸೆಟ್ಟಿನ ಸುದ್ದಿ ಯಾರೋ ಅವಳಿಗೆ ಹೇಳಿದ್ದರು. ನಾನು ಚಾ ಕೊಟ್ಟು, "ನಿನಗೆ ಅವರ ಪರಿಚಯ ಉಂಟಾ?" ಎಂದು ಕೇಳಿದೆ.

"ಉಂಟು ಯಮುನಕ್ಕ. ಕನ್ಸೆಶನ್ ಪಾಸಿನಲ್ಲಿ ಶಾಲೆಗೆ ಹೋಗುವಾಗ ಅವರದ್ದೇ ಬಸ್ಸು. ಕನ್ಸೆಶನ್‌ನವರು ಕೊನೆಗೆ ಹತ್ತಿ, ಕನ್ಸೆಶನ್‌ನವರು ಕೂತ್ಕೊಳ್ಬೇಡಿ ಅಂತ ಬೊಬ್ಬೆ ಹಾಕ್ತಿದ್ರು. ಒಂದು ಸಲ ನನ್ನನ್ನು ಸ್ಟಾಪಿನಲ್ಲೇ ಬಿಟ್ಟು ಡಬ್ಬಲ್ ಬೆಲ್ ಹೊಡೆದ್ರು."

ನಾನು ತಟ್ಟೆಯನ್ನು ಅವಳ ಕಡೆಗೆ ಸರಿಸಿ, "ಇನ್ನೊಂದು ನೇಂದ್ರಬಾಳೆಹಣ್ಣು ತಿನ್ನು" ಅಂದೆ. ಅವಳು ನಕ್ಕು ತಿಂದಳು. ಅವರ ಬಗ್ಗೆ ಕೋಪ ಇಟ್ಟುಕೊಂಡವರನ್ನು ಕಂಡದ್ದು ನನಗೆ ಯಾಕೋ ಸಮಾಧಾನ ಕೊಟ್ಟಿತು. ಸತ್ತ ಮೇಲೆ ಎಲ್ಲರೂ ಒಳ್ಳೆಯವರು ಒಳ್ಳೆಯವರು ಎಂದು ಹೇಳಿ ಹೇಳಿ, ನನಗೆ ಗೊತ್ತಿದ್ದ ಮನುಷ್ಯ ಮಸುಕಾಗಿ ಹೋಗಿದ್ದರು.

ಅವಳ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಾಸರಗೋಡು ಸೀಮೆಯ ಹಳೆಯ ಕಾಲುದಾರಿಗಳನ್ನೆಲ್ಲ ಒಂದು ನಕ್ಷೆಗೆ ತರುವುದು. ಹಳೆಯ ಸರ್ವೆ ನಕ್ಷೆಗಳು, ರೆವೆನ್ಯೂ ಕಾಗದಗಳು, ಊರೂರಿನ ಪ್ರಾಯದವರ ಮಾತು, ಎಲ್ಲ ಕಂಪ್ಯೂಟರಿಗೆ ಹಾಕಿದ್ದಾರೆ. ಸರ್ಕಾರಿ ನಕ್ಷೆಯಲ್ಲಿ ಗಾಡಿ ಹೋಗುವ ಮಾರ್ಗ ಮಾತ್ರ ಇರುತ್ತದಂತೆ, ತಲೆಹೊರೆಯವರು ನಡೆದ ದಾರಿ ಇರುವುದಿಲ್ಲ. ಅದು ಜನರ ಬಾಯಲ್ಲೇ ಸಿಗಬೇಕು. ಒಬ್ಬಿಬ್ಬರ ಮಾತಾದರೆ ಕೂತು ಕೇಳಬಹುದು, ಇಷ್ಟೊಂದು ಜನರದ್ದಾದರೆ ಒಂದು ಆಯುಷ್ಯ ಸಾಲದು, ಅದಕ್ಕೆ ಕಂಪ್ಯೂಟರ್. "ಡಾಟಾ ತುಂಬ ಉಂಟು ಯಮುನಕ್ಕ, ಅದೇ ಕಷ್ಟ" ಅಂದಳು. ನಾನು ಮಗಳ ಮನೆಯಲ್ಲಿ ಡಾಟಾ ಮುಗಿಯಿತೆಂದು ಜಗಳವಾಗುವುದನ್ನು ಕಂಡವಳು. ಇಲ್ಲಿ ಹೆಚ್ಚಾಗಿ ಕಷ್ಟವಂತೆ. ತಲೆಯಾಡಿಸಿದೆ. ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಕೆಲಸದವಳು ನಾನು, ಹೆಚ್ಚಾದರೂ ಕಷ್ಟ ಎಂಬುದು ಮಳೆಗಾಲದಲ್ಲಿ ನನಗೂ ಗೊತ್ತು.

ಕ್ಯಾಸೆಟ್ಟುಗಳನ್ನು ಕೊಂಡುಹೋಗಿ ಕಂಪ್ಯೂಟರಿಗೆ ಹಾಕಿ, ಎರಡು ತಿಂಗಳ ನಂತರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಪರದೆಯ ಮೇಲೆ ಧ್ವನಿಯನ್ನು ಗೆರೆಗಳಾಗಿ ತೋರಿಸಿದಳು. ಮಾತಾಡಿದವರನ್ನೆಲ್ಲ ಯಂತ್ರವೇ ಬೇರೆ ಬೇರೆ ಮಾಡಿ ಬಣ್ಣ ಕೊಡುತ್ತದೆ. ಬಸ್ಸಿನಲ್ಲಿ ಸಿಕ್ಕಿದ ಗಡಿಗೆಯ ಅಜ್ಜಿಯದ್ದು ಕೆಂಪು. ಇವರದ್ದು ನೀಲಿ.

"ನೀಲಿ ಸ್ವಲ್ಪ ಹೆಚ್ಚುಂಟಲ್ಲ?" ಎಂದೆ.

ಸುಹರಾ ನಾಚಿಕೊಂಡು, "ಕೇಳ್ಲಿಕ್ಕೆ ಹೋದವರೇ ಹೆಚ್ಚು ಮಾತಾಡಿದ್ದಾರೆ" ಅಂದಳು.

ಹೌದು, ಅದು ಅವರೇ. ಆಮೇಲೆ ಅವಳು ಒಂದು ಕಡೆ ಬೆರಳಿಟ್ಟು ಶಬ್ದ ಬಿಟ್ಟಳು. ನಾನು ಸಿದ್ಧಳಾಗಿರಲಿಲ್ಲ. ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಲ್ಲಿಂದ ಮತ್ತೆ ಎಷ್ಟು ದೂರ ಅಜ್ಜಿ?"

"ಒಂದು ಕೂ."

"ಒಂದೇಯಾ?"

"ಗಟ್ಟಿಯವರು ಹಾಕಿದರೆ ಒಂದು. ನಿನ್ನಂಥವ ಹಾಕಿದರೆ ಎರಡು."

ಮತ್ತೆ ಇವರು ನಗುವುದು. ಒಳ್ಳೇ ಹೊತ್ತು ನಗುವುದು. ನೀಲಿ ಗೆರೆ ಮೇಲೆ ಕೆಳಗೆ ಹಾರುತ್ತಿತ್ತು. ನಾನು ಎದ್ದು ಒಳಗೆ ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಬೆಂಕಿ ಸರಿಮಾಡಿ ಬಂದೆ.

ಬಂದ ಮೇಲೆ ಅವಳು ನಕ್ಷೆ ತೆರೆದಳು. ಕಂದು ಬಣ್ಣದ ಗೆರೆಗಳು, ಕರಾವಳಿಯಿಂದ ಒಳಗೆ, ಗುಡ್ಡೆಗಳ ನಡುವೆ, ಇರುವೆಯ ಸಾಲಿನ ಹಾಗೆ. ಪೆರ್ಲದಿಂದ ಇಳಿಯುವ ದಾರಿ ಸಿಕ್ಕಿತು. ನಮ್ಮ ಊರು ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಯಾರೂ ಯಾವ ಕಾಲದಲ್ಲೂ ನಡೆಯಲೇ ಇಲ್ಲ ಎಂಬ ಹಾಗೆ ಬಿಳಿಯಾಗಿ ಉಂಟು.

"ಇವರ ಕ್ಯಾಸೆಟ್ಟು?"

"ಅದೇ ಹೇಳ್ಲಿಕ್ಕೆ ಬಂದದ್ದು. ಬೇರೆ ಕಡೆ ಜನ ಮೈಲಿ, ಫರ್ಲಾಂಗು ಹೇಳಿದ್ದಾರೆ. ಇವರ ಹತ್ರ ಎಲ್ಲರೂ ಕೂ ಅಂತಲೇ ಹೇಳಿದ್ದು. ಪಾರೆಯಿಂದ ಎರಡು ಕೂ, ತೋಡಿನಿಂದ ಒಂದೂವರೆ ಕೂ. ಇವರು ಅದಕ್ಕೆ ಎಷ್ಟು ಮೈಲಿ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ, ನಗಾಡಿದ್ದಾರೆ. ಅಳತೆ ಇಲ್ಲದಿದ್ರೆ ಕಂಪ್ಯೂಟರ್ ಆ ದಾರಿಯನ್ನು ಎಲ್ಲಿಯೂ ಇಡುವುದಿಲ್ಲ. ಹಾಗೇ ಬಿಟ್ಟುಬಿಡ್ತದೆ."

ಇವರು ಕೇಳದಿದ್ದದ್ದು ಆಶ್ಚರ್ಯವಲ್ಲ. ಒಂದು ಕೂ ಎಂದರೆ ಎಷ್ಟೆಂದು ಇಲ್ಲಿ ಯಾರು ಯಾರನ್ನು ಕೇಳುತ್ತಾರೆ? ಒಂದು ಕೂ ಎಂದರೆ ಒಂದು ಕೂ. ಆದರೆ ಅದಕ್ಕಾಗಿ ಅವರು ರಜೆಯ ದಿನಗಳಲ್ಲಿ ಬಿಸಿಲಲ್ಲಿ ಅಲೆದದ್ದೆಲ್ಲ ಬಿಸ್ಕೆಟ್ ಡಬ್ಬಿಗೇ ವಾಪಸು ಬರುವುದನ್ನು ನನಗೆ ಸಹಿಸಲಾಗಲಿಲ್ಲ. ಬದುಕಿದ್ದಾಗ ಆ ಹುಚ್ಚಿಗೆ ಬೈದವಳು ನಾನೇ. ಈಗ ಯಾರೋ ಬಿಟ್ಟುಬಿಡುತ್ತೇವೆ ಎಂದಾಗ ನನಗೆ ಯಾಕೆ ಹೊಟ್ಟೆ ಉರಿಯಬೇಕು, ಅದೂ ಗೊತ್ತಾಗಲಿಲ್ಲ. "ಎಂತದಾದರೂ ಮಾಡ್ಲಿಕ್ಕೆ ಆಗುದಿಲ್ಲವಾ?" ಎಂದು ಕೇಳಿದೆ.

"ಆಗ್ತದೆ. ಒಂದು ಕೂ ಎಷ್ಟು ದೂರ ಅಂತ ಅಳೆದರೆ ಆಗ್ತದೆ. ಬೇರೆ ಬೇರೆ ಊರಿನಲ್ಲಿ ಹೆಂಗಸರಿಂದ ಹಾಕಿಸಿ, ಎಲ್ಲ ಸೇರಿಸಿ ಸರಾಸರಿ ತೆಗಿಯುವುದು. ಇಲ್ಲಿಂದ ನೀವು ಹಾಕ್ತೀರಾ?"

ನನಗೆ ಕೂ ಬರುವುದಿಲ್ಲ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ನೆರೆಮನೆಯ ಕಮಲಕ್ಕ, ಲ್ಯಾಪ್‌ಟಾಪ್ ನೋಡುವ ನೆಪದಲ್ಲಿ ಆಗಲೇ ಜಗಲಿಯಲ್ಲಿ ಕೂತಿದ್ದವರು, "ನಾನು ಹಾಕ್ತೇನೆ" ಎಂದು ಸೆರಗು ಸಿಕ್ಕಿಸಿ ಎದ್ದುಬಿಟ್ಟರು. ಅವರನ್ನು ಕೂರಿಸಿ, ದಿನ ಗೊತ್ತು ಮಾಡಿದ್ದಾಯಿತು.

ಆ ದಿನ ಬೆಳಿಗ್ಗೆ ಸುಹರಾ ಕೆಂಪು ಕೊಡೆ ಹಿಡಿದುಕೊಂಡು ಬಂದಳು. ಅವಳು ಕ್ಯಾಸೆಟ್ಟಿನ ಅಜ್ಜಿ ಹೇಳಿದ ದಾರಿಯಲ್ಲೇ ನಡೆಯುವುದು. ಅಲ್ಲಲ್ಲಿ ನಿಲ್ಲುವುದು. ನಾವು ಕೂ ಹಾಕುವುದು. ಕೇಳಿದರೆ ಅವಳು ಕೊಡೆ ಎತ್ತುವುದು, ಎಲ್ಲಿ ನಿಂತಿದ್ದಾಳೆಂದು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವುದು.

"ಕೊಡೆ ಯಾಕೆ, ತಿರುಗಿ ಕೂ ಹಾಕಿದರಾಯ್ತಲ್ಲ" ಎಂದರು ಕಮಲಕ್ಕ.

"ನನಗೆ ಬರುದಿಲ್ಲ."

"ಇಷ್ಟು ಓದಿದ್ದೀ, ಕೂ ಹಾಕ್ಲಿಕ್ಕೆ ಬರುದಿಲ್ಲವಾ?"

"ಎದುರು ಗುಡ್ಡೆಯಲ್ಲಿ ಮೊದಲು ರಬ್ಬರು ಇರಲಿಲ್ಲವಲ್ಲ" ಎಂದೆ ನಾನು. "ಮರ ಅಡ್ಡ ಬಂದರೆ ಕೂ ಕಡಿಮೆ ಹೋಗ್ತದೆ. ಆಗಿನವರದ್ದು ಇನ್ನೂ ದೂರ ಹೋಗಿರಬಹುದು."

"ಅದಕ್ಕೆಲ್ಲ ಸೂತ್ರ ಉಂಟು ಯಮುನಕ್ಕ. ಮರಕ್ಕೆ ಇಷ್ಟು, ಗಾಳಿಗೆ ಇಷ್ಟು ಅಂತ ಲೆಕ್ಕ ಹಾಕ್ಲಿಕ್ಕೆ ಆಗ್ತದೆ."

"ಕೇಳಿದರೂ ಕೇಳದ ಹಾಗೆ ಕೂತ್ಕೊಳ್ಳುವ ಗಂಡಸರಿಗೆ ಎಷ್ಟು ಅಂತ ಉಂಟು ಸೂತ್ರದಲ್ಲಿ?" ಎಂದರು ಕಮಲಕ್ಕ. ಸುಹರಾ ನಗುತ್ತಾ ಗುಡ್ಡೆ ಇಳಿದಳು.

ಮೊದಲು ಕಮಲಕ್ಕ. ಅವರ ಕೂ ಗಂಟೆಯ ಹಾಗೆ. ಸಂಕದ ಹತ್ತಿರ ಕೊಡೆ ಎದ್ದಿತು, ತೋಡಿನಾಚೆ ಎದ್ದಿತು, ರಬ್ಬರು ಶುರುವಾಗುವಲ್ಲಿ ಎದ್ದಿತು. ಅದರಿಂದ ಮೇಲೆ ಏಳಲಿಲ್ಲ. ಸುಹರಾ ಮರಗಳೆಡೆಯಿಂದ ಹೊರಗೆ ಬಂದು, ಕೇಳಲಿಲ್ಲ ಎಂದು ಕೈಯಾಡಿಸಿದಳು. "ನಿನ್ನೆಯಿಂದ ಶೀತ. ಇಲ್ಲದಿದ್ರೆ ಬದಿಯಡ್ಕಕ್ಕೆ ಮುಟ್ತಿತ್ತು" ಎಂದು ಹೇಳಿ ಕಮಲಕ್ಕ ಕೆಮ್ಮಿ ತೋರಿಸಿದರು.

ಆಮೇಲೆ ನಾನು. ಕೈ ಬಾಯಿಗೆ ಬಂತು, ಉಸಿರು ಬಂತು, ಶಬ್ದ ಮಾತ್ರ ಪಿಸುಗುಟ್ಟಿದಷ್ಟೇ ಬಂತು.

"ಎಂತ ಯಮುನ, ಬೆಕ್ಕನ್ನು ಕರಿಯುವ ಹಾಗೆ?"

ಇನ್ನೊಮ್ಮೆ ಹಾಕಿದೆ. ಅದೇ ಪೆರ್ಲದ ಗಿಡ್ಡ ಕೂ, ಕೊನೆಗೆ ಏರಿ ನಿಂತಿತು. ನನ್ನದೇ ಶಬ್ದ ನನಗೆ ಯಾರೋ ಪರಿಚಯದವರದ್ದೆಂಬಂತೆ ಕೇಳಿತು. ತೋಡಿನ ಹತ್ತಿರ ಕೆಂಪು ಕೊಡೆ ಮೇಲೆದ್ದಿತು. ಇನ್ನೊಂದು. ರಬ್ಬರಿನ ಅಂಚಿನಲ್ಲಿ ಎದ್ದಿತು. ಮತ್ತೆ ಕೊಡೆ ಮರಗಳೊಳಗೆ ಹೋಯಿತು, ಕಾಣದಾಯಿತು.

ಕಾಣದ ಮೇಲೆ ನಾನು ನಿಲ್ಲಿಸಬೇಕಿತ್ತೋ ಮುಂದುವರಿಸಬೇಕಿತ್ತೋ, ಅದನ್ನು ನಾವು ಮಾತಾಡಿಕೊಂಡೇ ಇರಲಿಲ್ಲ. ನಾನು ಕೂ ಹಾಕಿದೆ. ಆ ಕಡೆಯಿಂದ ಏನೂ ಇಲ್ಲ. ಓಗೊಡದಿದ್ದರೆ ಮತ್ತೆ ಹಾಕಬೇಕು, ಚಿಕ್ಕಂದಿನಿಂದ ಕಲಿತದ್ದು ಅಷ್ಟೇ. ಮತ್ತೆ ಹಾಕಿದೆ. ಎದುರು ಗುಡ್ಡೆ ಸುಮ್ಮನೆ ನಿಂತಿತ್ತು. ನಾನು ಸುಹರಾಳನ್ನು ಕರೆಯುತ್ತಿದ್ದೇನೆ, ಇದು ಅಳತೆಗಾಗಿ, ಎಂದು ನನಗೆ ಸ್ವಲ್ಪ ಹೊತ್ತಿನವರೆಗೆ ನೆನಪಿತ್ತು. ಆಮೇಲೆ ಬರೇ ಕರೆಯುತ್ತಿದ್ದೆ. ಅಲ್ಲಿಂದ ಒಂದು ಕೂ ಬಂದರೆ ಸಾಕು, ಒಳಗೆ ಹೋಗಿ ಚಾಕ್ಕೆ ಹಾಲು ಹಾಕುತ್ತೇನೆ ಎಂಬ ಹಾಗೆ. ಎಷ್ಟು ಸಲ ಹಾಕಿದೆನೋ ಗೊತ್ತಿಲ್ಲ. ಕಮಲಕ್ಕ ಹತ್ತಿರ ಬಂದು ನನ್ನ ಕೈಯನ್ನು ಬಾಯಿಯಿಂದ ಇಳಿಸಿ ಹಿಡಿದುಕೊಂಡರು.

"ಸಾಕು ಯಮುನ. ಸಾಕು."

ಆಮೇಲೆ ನನ್ನನ್ನು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು.

ಸುಹರಾ ತುಂಬ ಹೊತ್ತಿನ ಮೇಲೆ ಬೆವರುತ್ತಾ ಬಂದಳು. "ಇದು ಕೊನೆಯದ್ದಾಗಿರಬಹುದು ಅಂತ ಮುಂದೆ ಮುಂದೆ ಹೋಗ್ತಾ ಇದ್ದೆ ಯಮುನಕ್ಕ. ನೀವು ನಿಲ್ಲಿಸ್ಲೇ ಇಲ್ಲ. ರಬ್ಬರು ದಾಟಿ, ಸ್ಟಾಪು ದಾಟಿ ಹೋದೆ. ಅಲ್ಲಿಯೂ ಕೇಳ್ತಾ ಉಂಟು." ಮೊಬೈಲು ತೆಗೆದು ತೋರಿಸಿದಳು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ. ಬಸ್ಸಿನ ಮಾರ್ಗ ಬಾಗುವ ಕಡೆ. ಕಲ್ಲುಕೋರೆಯ ತಿರುವು.

"ಲೊಟ್ಟೆ" ಎಂದರು ಕಮಲಕ್ಕ.

ನಾನು ಆ ಚುಕ್ಕೆಯನ್ನು ನೋಡುತ್ತಾ ಕೂತೆ. ಪರದೆಯ ಬೆಳಕು ಆರಿತು. ಸುಹರಾ ಬೆರಳು ತಾಗಿಸಿ ಮತ್ತೆ ಹೊತ್ತಿಸಿಕೊಟ್ಟಳು.

ಈ ಮಳೆಗಾಲಕ್ಕೆ ಮೊದಲು ಅವಳು ನಕ್ಷೆಯನ್ನು ಪ್ರಿಂಟ್ ಮಾಡಿ ತಂದುಕೊಟ್ಟಳು. ನಮ್ಮ ಊರಿನ ಬಿಳಿ ಜಾಗದಲ್ಲಿ ಈಗ ಗೆರೆಗಳಿವೆ. ಗಡಿಗೆಯ ಅಜ್ಜಿ ಕುಂಬಳೆಗೆ ಹೋದ ದಾರಿ ಉಂಟು. ನೆಲ್ಲಿನ ಅಜ್ಜನದ್ದೂ ಉಂಟು, ಚೆಂಡೆ ಇಲ್ಲದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇವರ ಹೆಸರು. ಹೆಸರೇನೆಂದು ಸುಹರಾ ಕೇಳಿದಾಗ ನಾನು ಕಾಗದದಲ್ಲಿ ಬರೆದುಕೊಟ್ಟದ್ದು.

"ಒಂದು ಕೂ ಎಷ್ಟಾಯ್ತು?" ಎಂದು ಕೇಳಿದೆ.

ಅವಳು ಹೇಳಿದಳು. ಹತ್ತಿರ ಹತ್ತಿರ ಕಮಲಕ್ಕನದ್ದೇ ಅಳತೆ, ರಬ್ಬರಿನ ಲೆಕ್ಕ ಸೇರಿಸಿ ಸ್ವಲ್ಪ ಹೆಚ್ಚು. ಕಮಲಕ್ಕ ಆ ವಾರವೆಲ್ಲ ತೋಡಿನಲ್ಲಿ ಬಟ್ಟೆ ಒಗೆಯುವಾಗ ಸರಾಸರಿ ಎಂಬ ಶಬ್ದವನ್ನು ಉಪಯೋಗಿಸಿದರು.

"ನನ್ನದು?"

ಸುಹರಾ ತಡವರಿಸಿದಳು. "ನಿಮ್ಮದು ತೆಗೆದೆವು ಯಮುನಕ್ಕ. ತಪ್ಪು ಅಂತ ಅಲ್ಲ. ಬೇರೆ ಎಲ್ಲದರಿಂದ ತುಂಬ ದೂರ ಉಂಟು, ಅಂಥದ್ದನ್ನು ಸೇರಿಸುವುದಿಲ್ಲ. ಸೇರಿಸಿದರೆ ಊರೆಲ್ಲ ಹಿಗ್ಗಿಬಿಡ್ತದೆ. ಒಂದು ಕೂ ಅಷ್ಟು ದೂರ ಅಂತಾದರೆ ನಿಮ್ಮ ಅಜ್ಜಿಯರೆಲ್ಲ ಗಡಿಗೆ ಹೊತ್ತುಕೊಂಡು ಕುಂಬಳೆ ದಾಟಿ ಸಮುದ್ರಕ್ಕೆ ಇಳಿತಾರೆ."

ನನಗೆ ನಗು ಬಂತು. ಗಡಿಗೆ ಸಮೇತ ಸಮುದ್ರಕ್ಕೆ ಇಳಿಯುವುದನ್ನು ಕೇಳಿದ್ದರೆ ಇವರು ಎಷ್ಟು ಹೊತ್ತು ನಗುತ್ತಿದ್ದರು.

"ಬಿಸಾಡಿದೆಯಾ ಅದನ್ನು?"

"ಇಲ್ಲ ಇಲ್ಲ. ಬೇರೆ ಕಡೆ ಇಟ್ಟಿದ್ದೇವೆ. ಮತ್ತೆ ಯಾರಿಗಾದರೂ ಬೇಕಾದರೆ ಇರಲಿ ಅಂತ."

ಇರಲಿ. ಅದು ಇವರ ಮಾತು. ಹುಡುಗಿಗೆ ಅದು ಗೊತ್ತಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೆಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಹಾಲು ಅಳೆಯುವವಳಾಗಿ ಎಲ್ಲರದ್ದಕ್ಕಿಂತ ಬೇರೆಯಾಗಿ ಬಂದ ಹಾಲನ್ನು ನಾನೂ ಬದಿಗಿಡುತ್ತೇನೆ, ಆದ್ದರಿಂದ ಸುಹರಾ ಮಾಡಿದ್ದು ಸರಿ ಎಂದು ಗೊತ್ತು. ಅವರ ದಾರಿಗಳು ನಕ್ಷೆಗೆ ಬಂದವು, ನನಗೆ ಬೇಕಾದದ್ದೂ ಅದೇ. ಆದರೆ ರಬ್ಬರಿಗೂ ಗಾಳಿಗೂ ಲೆಕ್ಕ ಇರುವ ಯಂತ್ರ ಯಾವುದನ್ನು ಬೇಡವೆಂದಿತೋ ಅದೊಂದೇ ನನಗೆ ಬೇಕಾದ ಚರಿತ್ರೆಯಾಗಿತ್ತಲ್ಲ. ಒಂದೊಂದು ಸಲ ಅನಿಸುತ್ತದೆ, ಅವತ್ತು ಗಾಳಿ ಆ ಕಡೆಗೆ ಬೀಸುತ್ತಿತ್ತು, ಅಷ್ಟೇ ಇರಬಹುದು. ಒಂದೊಂದು ಸಲ, ಇವರಿದ್ದಾಗ ನಾನು ಅಷ್ಟು ಗಟ್ಟಿಯಾಗಿ ಕರೆದೇ ಇರಲಿಲ್ಲ, ಕರೆಯುವ ಅಗತ್ಯ ಇರಲಿಲ್ಲ, ಹಾಗಾದರೆ ಅಂದು ಕೇಳಿತ್ತು ಎನ್ನುವುದಕ್ಕೆ ಇಂದಿನದ್ದು ಸಾಕ್ಷಿಯಾಗುವುದು ಹೇಗೆ? ಮತ್ತೊಂದು ಸಲ, ಅಂದು ನನ್ನ ಪ್ರಾಯವೂ ಸಣ್ಣದು, ರಬ್ಬರೂ ಇರಲಿಲ್ಲ, ಮೆಲ್ಲಗೆ ಕರೆದರೂ ಮುಟ್ಟಿರಬಹುದು. ಕೂಡಿಸುವುದು, ಕಳೆಯುವುದು, ಎಲ್ಲಿಯೂ ನಿಲ್ಲುವುದಿಲ್ಲ.

ಕಲ್ಲುಕೋರೆಯ ತಿರುವಿನವರೆಗೆ ನನ್ನ ಕೂ ಹೋಗುತ್ತದೆ. ಇಷ್ಟನ್ನು ನಾನು ಒಪ್ಪುತ್ತೇನೆ. ಬಸ್ಸಿನ ಇಂಜಿನ್ನಿನ ಸದ್ದಿನಲ್ಲಿ, ಫುಟ್‌ಬೋರ್ಡಿನಲ್ಲಿ ನಿಂತು ಕೇಳಿತು ಎಂಬುದನ್ನು ಈಗಲೂ ಒಪ್ಪುವುದಿಲ್ಲ, ಸುಹರಾ ನಿಂತದ್ದು ಮಾರ್ಗದ ಬದಿಯಲ್ಲಿ. ಅರ್ಧ ನೀವು ಗೆದ್ದಿರಿ, ಅರ್ಧ ನಾನು. ಹೀಗೆಂದರೆ ಅವರು ಲೋಟ ಕೆಳಗಿಟ್ಟು ಏನು ಹೇಳುತ್ತಾರೆಂದು ನನಗೆ ಗೊತ್ತು. ಅದಕ್ಕೆ ನಾನು ಏನು ಹೇಳಬೇಕೆಂದೂ ಗೊತ್ತು.

ತಿರುವಿನಲ್ಲಿ ಹಾರ್ನ್ ಕೇಳಿತು. ಚಾಕ್ಕೆ ನೀರಿಡಬೇಕು. ಹೇಳುವುದಾದರೆ ಮೊದಲು ಅವರನ್ನು ಕರೆಯಬೇಕು.